ಹೆಚ್ಚು ಗಾಳಿ ಹಾಕದ ಯಾಕೂಬ

ಹತ್ತರಗಿಯ ಹೆದ್ದಾರಿ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಯಾಕೂಬ, ಲಾರಿಯವರು ಎಷ್ಟು ಬೈದರೂ ಟೈರಿಗೆ ಹೆಚ್ಚು ಗಾಳಿ ಹಾಕುತ್ತಿರಲಿಲ್ಲ. ಗಾಳಿ ಅಳೆಯುವ ಮೀಟರು ತೋರಿಸಿ, "ಲೋಡ್ ಹೆಚ್ಚ ಹೇರಿದವ್ರು ನೀವು, ಟೈರ್ ಯಾಕ ಸಾಯ್ಬೇಕ್ರಿ?" ಎನ್ನುತ್ತಿದ್ದ. ಮದುವೆ ಜೀಪಿನಿಂದ ಮದುಮಗನೇ ಇಳಿದು ಕೈಮುಗಿದರೂ ಜಗ್ಗಿರಲಿಲ್ಲ. ಈ ಚಳಿಗಾಲ ಫ್ಲೂ ಜ್ವರ ಎದೆಗಿಳಿದು ಅವನನ್ನು ವೆಂಟಿಲೇಟರಿಗೆ ಹಾಕಿದರು. ಬಾತ ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟಾಗಬಾರದೆಂದು ಡಾಕ್ಟರು ಸಣ್ಣ ಸಣ್ಣ ಉಸಿರನ್ನೇ ಕೊಡಿಸುತ್ತಿದ್ದರು. "ಗಾಳಿ ಜಾಸ್ತಿ ಬಿಡ್ರಿ!" ಎಂದು ನಾನೇ ಕೂಗಾಡಿದೆ. ಅವನ ಹೆಂಡತಿ ಮೆಹಬೂಬಿ ತಡೆದಳು: "ಸುಮ್ನಿರ್ರಿ ಭಾಯಿ. ಇವ್ರೂ ನಮ್ಮವರಂಗ ಗಾಳಿ ಅಳತಿ ಮಾಡಿ ಬಿಡಾಕತ್ತಾರ." ಹನ್ನೊಂದನೆಯ ದಿನ ಯಾಕೂಬ ಹೋದ. ಈಗ ಅಂಗಡಿಯಲ್ಲಿ ಮೆಹಬೂಬಿ ನಿಂತಿದ್ದಾಳೆ. ಲಾರಿಯವರು ಬೈಯುತ್ತಲೇ ಇದ್ದಾರೆ. ಅವಳು ಮೀಟರು ಎತ್ತಿ ಹಿಡಿದು ಕೇಳುತ್ತಾಳೆ: "ಟೈರ್ ಯಾಕ ಸಾಯ್ಬೇಕ್ರಿ?"