ಉಸ್ತಾದರ ಗಂಟಲು, ನನ್ನ ಬಾಯಿ

ಕಳೆದ ಸೋಮವಾರ ಮಧುಗಿರಿಯ ನಮ್ಮ ಗರಡಿಯಲ್ಲಿ, ಉಸ್ತಾದ್ ಸಿದ್ದಪ್ಪನವರು ಆಡದೇ ಇದ್ದ ಒಂದು ಮಾತಿಗೆ ಇಡೀ ಗರಡಿ ಗಪ್ಪಾಗಿ ನಿಂತುಬಿಟ್ಟಿತು. ಆಡಿದವನು ನಾನು. ನಿಂತವರಲ್ಲಿ ನಾನೂ ಒಬ್ಬ.

ಮೊದಲಿನಿಂದ ಹೇಳುತ್ತೇನೆ.

ಬರುವ ವಾರ ಶಿರಾದ ಗರಡಿಯವರೊಡನೆ ಕುಸ್ತಿ. ನಮ್ಮ ಕಡೆಯಿಂದ ಹೋಗುವವನು ಒಬ್ಬನೇ. ಒಂದೋ ನಾನು, ಇಲ್ಲವೇ ಪುರವರದ ರಂಗಪ್ಪ. ನಾನೇ ಹೋಗುವುದೆಂದು ಪೇಟೆಯಲ್ಲೆಲ್ಲ ಡಂಗುರ ಹೊಡೆದಾಗಿತ್ತು. (ಹೊಡೆದವನೂ ನಾನೇ.) ಗೆದ್ದವನಿಗೆ ಸುತ್ತುವ ರುಮಾಲು ನನ್ನ ತಲೆಗೆ ಹೇಗೆ ಒಪ್ಪುತ್ತದೆಂದು ಅತ್ತಿಗೆಯ ಕನ್ನಡಿಯಲ್ಲಿ ನೋಡಿಯೂ ಆಗಿತ್ತು.

ನಮ್ಮ ಉಸ್ತಾದರ ಪಾಠ ಫಸ್ಟ್ ಕ್ಲಾಸ್. ಪಟ್ಟು ಹಾಕುವ ಮುನ್ನ ನೀವು ಅರೆಗಳಿಗೆ ತಡೆದಿರೋ, "ಏನ್ಲಾ ಯೋಚ್ನೆ? ಹೆಣ್ಣು ನೋಡಾಕೆ ಬಂದಿದ್ದೀಯಾ? ಹಿಡ್ಕಳ್ಲಾ!" ಯೋಚಿಸದೆ ನುಗ್ಗಿ ಬಿದ್ದಿರೋ, "ತಲೆ ಅನ್ನಾದು ಯಾತಕ್ಲಾ ಇರಾದು, ಜುಟ್ಟು ಬುಡಾಕಾ?" ಯೋಚಿಸಿದರೂ ಬೈಗುಳ, ಯೋಚಿಸದಿದ್ದರೂ ಬೈಗುಳ. ಇವೆರಡರ ನಡುವೆ ಎಲ್ಲೋ ಕುಸ್ತಿ ಇದೆಯಂತೆ.

ಒಂದು ವಿಷಯದಲ್ಲಿ ಮಾತ್ರ ಅವರದು ಒಂದೇ ಮಾತು. ಅವರು "ಬುಡ್ಲಾ!" ಎಂದರೆ ಹಿಡಿತ ಬಿಟ್ಟು, ಹಿಂದೆ ಸರಿದು, ಕೈಕಟ್ಟಿ ನಿಲ್ಲಬೇಕು. ತಡಮಾಡಿದವನು ಅಖಾಡದ ಕೆಮ್ಮಣ್ಣನ್ನೆಲ್ಲ ಒಬ್ಬನೇ ಅಗೆಯಬೇಕು. ನನ್ನ ಅಂಗೈ ನೋಡಿದರೆ ಬಾವಿ ತೋಡುವವನೆಂದೇ ತಿಳಿಯುವಿರಿ. ಅಗೆದೂ ಅಗೆದೂ ಈಗ ಆ ಮಾತು ನಮ್ಮ ಕಿವಿಗಿಂತ ಮೊದಲು ಕೈಗೆ ಕೇಳಿಸುತ್ತದೆ.

ಸೋಮವಾರ ನಮ್ಮಿಬ್ಬರಿಗೂ ಪರೀಕ್ಷೆ. ನನ್ನ ತಲೆಯಲ್ಲಿ ಭಾರೀ ಪ್ಲಾನು. ರಂಗಪ್ಪ ಬಲಗಾಲು ಮುಂದಿಟ್ಟರೆ ಹೀಗೆ, ಎಡಗಾಲಿಟ್ಟರೆ ಹಾಗೆ. ಅವನು ಎರಡೂ ಕಾಲಲ್ಲಿ ಹಾರಿ ಬಂದು ಸೊಂಟ ತಬ್ಬಿ ಎತ್ತಿದ. (ಪ್ಲಾನಿನಲ್ಲಿ ಇದು ಇರಲಿಲ್ಲ.)

ಹೇಗೋ ಅವನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಆದರೂ ಅವನು ಇನ್ನೊಮ್ಮೆ ಎತ್ತಿದರೆ ನನ್ನ ಬೆನ್ನು ಮಣ್ಣು ಮುಟ್ಟುವುದು ಖಂಡಿತ. ಶಿರಾ ಹೋಯಿತು, ರುಮಾಲು ಹೋಯಿತು! ತಲೆ ಕೈಕೊಟ್ಟಿತು. ಬಾಯಿ ತಾನಾಗಿ ತೆರೆಯಿತು. ಊರಿನವರ ದನಿಯನ್ನೆಲ್ಲ ಕದ್ದು ಬದುಕುವ ಬಾಯಿ ಇದು. ಉಸ್ತಾದರ ಗಂಟಲಿನಲ್ಲೇ ಗುಡುಗಿತು: "ಬುಡ್ಲಾ!"

ರಂಗಪ್ಪ ಬಿಟ್ಟ. ಹಿಂದೆ ಸರಿದ. ಕೈಕಟ್ಟಿದ.

ಅವನ ಕುತ್ತಿಗೆ ನನ್ನ ಕಂಕುಳಲ್ಲೇ ಉಳಿದಿದ್ದರೆ ಒಂದೇ ತಿರುವಿಗೆ ಅವನು ಅಂಗಾತ ಬೀಳುತ್ತಿದ್ದ. ಉಳಿದಿರಲಿಲ್ಲ. ನಾನೂ ಬಿಟ್ಟಿದ್ದೆ. ನಾನೂ ಹಿಂದೆ ಸರಿದು ಕೈಕಟ್ಟಿ ನಿಂತಿದ್ದೆ!

ಗೋಡೆಯ ಬಳಿ ಬಸ್ಕಿ ಹೊಡೆಯುತ್ತಿದ್ದವರು ಅರ್ಧ ಬಸ್ಕಿಯಲ್ಲೇ ನಿಂತಿದ್ದರು. ಮೂಲೆಯಲ್ಲಿ ಕೂತು ಬಾದಾಮಿ ಅರೆಯುತ್ತಿದ್ದ ಉಸ್ತಾದರ ಕೈಯೂ ನಿಂತಿತ್ತು.

"ಯಾವನ್ಲಾ ಅಂದಿದ್ದು?" ಎಂದರು. ಆಮೇಲೆ ಅನುಮಾನ ಬಂದು, "ನಾನೇನಾ?"

ಮೊದಲು ಎಚ್ಚೆತ್ತವನು ರಂಗಪ್ಪ. "ಲೇ ನಕಲಿ, ನೀನಾ!" ಎಂದವನೇ ಎತ್ತಿ ಒಗೆದ. ಚಿತ್. ಕೆಮ್ಮಣ್ಣು ಬೆನ್ನಿಗೂ ಹತ್ತಿತು, ಬಾಯಿಗೂ ಹೋಯಿತು.

ವಾದ ಮಾಡದೆ ಬಿಟ್ಟೇನೇ? "ಯೋಚ್ನೆ ಮಾಡ್ಬ್ಯಾಡ ಅಂದೋರು ನೀವೇ ಅಲ್ವಾ ಉಸ್ತಾದ್ರೇ? ಯೋಚ್ನೆ ಮಾಡ್ದೇನೇ ಕೂಗ್ದೆ."

"ಕೂಗಿದ್ದು ನೀನೇ ಕಣ್ಲಾ. ನೀನ್ಯಾಕ್ಲಾ ಬುಟ್ಟೆ?"



ನೀವು ನಗಬೇಡಿ. ಮೊನ್ನೆ ಒಂದು ಕಚೇರಿಯ ಕಿಟಕಿಯಾಚೆ ನಿಂತು (ಯಾವ ಕಚೇರಿಯೆಂದು ಹೇಳಿದರೆ ಈ ಅಂಕಣವೂ ಚಿತ್) ಅಲ್ಲಿನ ಸಾಹೇಬರ ಕೆಮ್ಮು ಕೆಮ್ಮಿದೆ. ಗುಮಾಸ್ತರೆಲ್ಲ ದಡಕ್ಕನೆ ಎದ್ದು ಶಲ್ಯ ಸರಿಮಾಡಿಕೊಂಡರು. ಕ್ಯಾಂಪಿಗೆಂದು ಪರವೂರಿಗೆ ಹೊರಟ ಸಾಹೇಬರನ್ನು ಅಂದೇ ಬೆಳಿಗ್ಗೆ ಜಟಕಾ ಹತ್ತಿಸಿ ಬಂದವರು ಅವರೇ! ಇದನ್ನು ಸಹಜ ಪ್ರವೃತ್ತಿ ಎನ್ನುತ್ತಾರಂತೆ. ಹುಟ್ಟುವಾಗ ತಂದದ್ದೇ, ಇಲ್ಲ ಯಾರೋ ಮಣ್ಣು ಅಗೆಸಿ ಅಗೆಸಿ ನೆಟ್ಟದ್ದೇ? ಯೋಚಿಸದೆ ಮಾಡಿದ್ದೆಲ್ಲ ನಮ್ಮದೇ ಎಂದು ನಾವು ಮೀಸೆ ತಿರುವುತ್ತೇವೆ, ಅಷ್ಟೆ.

ಶಿರಾಕ್ಕೆ ರಂಗಪ್ಪನೇ ಹೊರಟಿದ್ದಾನೆ. ನನಗೆ ಹೊಟ್ಟೆಯುರಿ ಇಲ್ಲವೆಂದರೆ ಸುಳ್ಳು. ಆದರೂ ನಮ್ಮೂರಿನ ಮಾನದ ಪ್ರಶ್ನೆ. ಅಲ್ಲಿಯೂ ನನ್ನಂಥವನೊಬ್ಬ ಇದ್ದರೆ? "ಕಿವಿಗೆ ಹತ್ತಿ ಇಟ್ಕಂಡು ಹೋಗಪ್ಪಾ" ಎಂದೆ.

ಉಸ್ತಾದರು ಉರಿದುಬಿದ್ದರು. "ಹತ್ತಿ ಇಟ್ಕಂಡ್ರೆ ನಾನು ಕೂಗಾದು ಅವ್ನಿಗೆ ಹೆಂಗ್ಲಾ ಕೇಳ್ಸಾದು?"

ನಾನು ಹತ್ತಿ ಎಂದದ್ದು ಅವರ ಕೂಗಿಗೂ ಸೇರಿಸಿಯೇ ಅಲ್ಲವೇ?