ಅಜ್ಜಿಯರಿಗೆ ಭಜನೆ, ಹುಡುಗರಿಗೆ ಬೋಟು

ತಲೆ ನರೆತ ಮೇಲೆ ಕಿವಿಗೆ ದೇವರ ಪದ ಬಿಟ್ಟು ಬೇರೇನೂ ಹಿಡಿಸುವುದಿಲ್ಲ ಎಂದು ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದವನು ಸಿಕ್ಕರೆ ಅವನಿಗೆ ನಾನು ನಾಲ್ಕು ಮಾತು ಕೇಳುವುದಿದೆ. ಹುಡುಗಿಯಾಗಿದ್ದಾಗ ಇಷ್ಟಪಟ್ಟ ಹುಣಸೆ ಚಿಗುರಿನ ಚಟ್ನಿ ನನಗೆ ಈಗಲೂ ಇಷ್ಟ. ನಾಲಿಗೆ ಬದಲಾಗಲಿಲ್ಲ, ಕಿವಿ ಯಾಕೆ ಬದಲಾಗಬೇಕು? ಈ ಸಿಟ್ಟು ಹೊಸದಲ್ಲ. ದಾವಣಗೆರೆ ಜಿಲ್ಲೆಯಾದ ಮರುವರ್ಷ ಒಂದು ಟೂರಿನ ಬಸ್ಸಿನಲ್ಲಿ ಏರಿದ್ದು, ಇನ್ನೂ ಇಳಿದಿಲ್ಲ.

ಆ ಬಸ್ಸಿಗೆ ನಾನು ಹತ್ತಿದ್ದು ನೆಗೆಣ್ಣಿಯ ಸಲುವಾಗಿ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ದಾವಣಗೆರೆಯ ಆನೆಕೊಂಡದಲ್ಲಿ ನಮ್ಮದು ಒಂದೇ ಗೋಡೆಯ ಎರಡು ಮನೆ. ಆಚೆ ಅವಳು ನಕ್ಕರೆ ಈಚೆ ನನ್ನ ಕೈಯ ರೊಟ್ಟಿ ಹರಿಯುತ್ತಿತ್ತು, ಅಂಥ ನಗು. ಮದುವೆಯಾದ ಹೊಸದರಲ್ಲಿ ಊರಿಗೆ ನಾಟಕದ ಕಂಪನಿ ಬಂದರೆ ಅತ್ತೆಗೆ ಸುಳ್ಳು ಹೇಳಿ ಇಬ್ಬರೂ ಹೋಗುತ್ತಿದ್ದೆವು. ರಾಜ, ರಾಣಿ ಅಳುವಾಗ ಅವಳು ಮಂಡಕ್ಕಿ ತಿನ್ನುತ್ತಿದ್ದಳು. ಹಾಸ್ಯದವನು ಬಂದು ಹೆಂಡತಿಯ ಪೊರಕೆ ಏಟು ತಪ್ಪಿಸಿಕೊಳ್ಳುತ್ತ ಹಾಡುವಾಗ ಮಾತ್ರ ನೆಟ್ಟಗೆ ಕೂರುತ್ತಿದ್ದಳು. ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆ ಹಾಡು ಪೂರ್ತಿ ಅವಳ ಬಾಯಲ್ಲಿ. ಪೋಲಿ ಮಾತು ಬರುವ ಕಡೆ ದನಿ ಇನ್ನೂ ಎತ್ತರ.

ಮೈದುನ ತೀರಿಕೊಂಡ ಮೇಲೆ ಅವಳು ಹೊಸಿಲು ದಾಟಲಿಲ್ಲ. ವರ್ಷ ತುಂಬಿದರೂ ಹಾಗೇ. ಹಾಕಿದರೆ ಉಂಡಳು, ಕೇಳಿದರೆ ಹೂಂ ಅಂದಳು. ಮಗ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಮಾತ್ರೆ ಕೊಟ್ಟರು, ನುಂಗಿ ಮಲಗಿದಳು. ಗೋಡೆಯ ಆಚೆ ಜನ ಇದ್ದಾರೋ ಇಲ್ಲವೋ ತಿಳಿಯದ ಹಾಗಾಯಿತು. ನಾನು ಸುಲಭಕ್ಕೆ ಹೆದರುವವಳಲ್ಲ, ಆಗ ಹೆದರಿದೆ. ಮನುಷ್ಯರು ಹೀಗೆ ಸುಮ್ಮನಾಗುತ್ತ ಆಗುತ್ತ ಒಂದು ದಿನ ಪೂರ್ತಿ ಸುಮ್ಮನಾಗಿಬಿಡುವುದನ್ನು ಕಂಡಿದ್ದೇನೆ.

ಆ ಹೊತ್ತಿಗೆ ಎದುರುಮನೆಯ ಸೊಸೆ ಗೋವೆಗೆ ಹೋಗಿ ಬಂದಳು. ಅಲ್ಲಿ ಸಂಜೆ ದೊಡ್ಡ ಬೋಟಿಗೆ ಜನರನ್ನು ಹತ್ತಿಸಿಕೊಂಡು ಹೊಳೆಯ ಮೇಲೆ ಸಮುದ್ರ ಕಾಣುವ ತನಕ ಸುತ್ತಾಡಿಸುತ್ತಾರಂತೆ. ಬೋಟಿನ ಮೇಲೇ ಹಾಡು, ಕುಣಿತ ಎಲ್ಲ ಇರುತ್ತದಂತೆ. ಅವಳು ವರ್ಣಿಸುತ್ತಿದ್ದರೆ ಮೂಲೆಯಲ್ಲಿ ಕೂತಿದ್ದ ನೆಗೆಣ್ಣಿ ತಲೆ ಎತ್ತಿದಳು.

“ನೀರಿನ ಮ್ಯಾಲೆ ಕುಣೀತಾರಾ? ಬೋಟು ಅಳ್ಳಾಡಲ್ಲೇನು?”

ವರ್ಷದಲ್ಲಿ ಅವಳಾಗಿ ಕೇಳಿದ ಮೊದಲ ಮಾತು ಅದು. ನಾನು ತಡ ಮಾಡಲಿಲ್ಲ. ಮಾರನೆಯ ದಿನವೇ ಬಸ್ ಸ್ಟ್ಯಾಂಡ್ ಹತ್ತಿರ ಗೋವೆಗೆ ಟೂರು ನಡೆಸುವವನ ಅಂಗಡಿಗೆ ಹೋದೆ.

ಅವನು ನಮ್ಮಿಬ್ಬರ ವಯಸ್ಸು ಕೇಳಿದ. ಅದು ಬಿಟ್ಟು ಇನ್ನೇನನ್ನೂ ಕೇಳಲಿಲ್ಲ. ತನ್ನ ವ್ಯವಸ್ಥೆಯನ್ನು ತಾನೇ ಹೊಗಳಿಕೊಂಡ.

“ನಂದು ವಿಡಿಯೋ ಕೋಚ್ ಅಜ್ಜಿ. ಯಾರಿಗೂ ಬ್ಯಾಸರ ಆಗಲ್ಲ. ಹಿರೇರು ಮುಂದಿನ ಸೀಟು, ಬೆಳಗ್ಗೆ ಭಕ್ತಿ ಕ್ಯಾಸೆಟ್ಟು. ಮಕ್ಳು ಮರಿ ಇರೋರು ನಡುವೆ, ಅವರಿಗೆ ಕಾಮಿಡಿ ಪಿಚ್ಚರು. ಹುಡುಗ್ರು ಹಿಂದೆ, ಮಧ್ಯಾಹ್ನದ ಮ್ಯಾಲೆ ಡ್ಯಾನ್ಸ್ ಹಾಡು. ವಯಸ್ಸು ಹೇಳಿದ್ರೆ ಸಾಕು, ಯಾರಿಗೆ ಏನು ಸೇರ್ತೈತೆ ಅಂತ ನಾನೇ ಹೇಳ್ತೀನಿ.”

“ನಂಗೇನು ಸೇರ್ತೈತೆ ಹೇಳು ನೋಡಾನ.”

“ಭಜನೆ,” ಅಂದ, ಕಣ್ಣು ಕೂಡ ಎತ್ತದೆ.

“ನನ್ನ ನೆಗೆಣ್ಣಿಗೆ ನಗೋ ಹಾಡು ಬೇಕು. ಕಂಪನಿ ನಾಟಕದ್ದು ಇದ್ರೆ ಹಾಕು.”

“ತಮಾಷೆ ಮಾಡ್ತೀರಿ ಅಜ್ಜಿ,” ಎಂದು ನಕ್ಕ.

ನನ್ನನ್ನು ಬಲ್ಲವರು ಯಾರೂ ನಾನು ತಮಾಷೆ ಮಾಡುತ್ತೇನೆ ಎಂದು ಈವರೆಗೆ ಹೇಳಿಲ್ಲ.

ಹೊರಡುವ ದಿನ ನೆಗೆಣ್ಣಿ ಹಸಿರು ಅಂಚಿನ ಸೀರೆ ಉಟ್ಟು ತಾನಾಗಿಯೇ ಬಾಗಿಲಿಗೆ ಬಂದು ನಿಂತಿದ್ದಳು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇಬ್ಬರನ್ನೂ ಡ್ರೈವರನ ಹಿಂದಿನ ಸೀಟಿನಲ್ಲಿ ಕೂರಿಸಿದರು. ನೆತ್ತಿಯ ಮೇಲೇ ಸ್ಪೀಕರು. ಬಸ್ಸು ಪೇಟೆ ದಾಟಿ ಹರಿಹರದ ಕಡೆ ತಿರುಗಿತು. ಟೂರಿನವನು ಕ್ಯಾಸೆಟ್ಟು ತುರುಕಿದ.

ಮೊದಲು ತಾಳ, ಆಮೇಲೆ ದಮ್ಮಡಿಯ ಬಡಿತ. ಆಮೇಲೆ ಪದ. ಹೋಗುವವನು ಒಬ್ಬನೇ, ಹೆಂಡತಿ ಬಾಗಿಲ ತನಕ, ಮಕ್ಕಳು ಮಣ್ಣಿನ ತನಕ ಎನ್ನುವ ಪದ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ, ಕೊರಳಿಗೆ ಹೂವು. ಎದುರಿಗೆ ಭಜನೆಯವರು ಕೂತು ಮಣ್ಣಿಗೆ ಒಯ್ಯುವ ತನಕ ಇಂಥ ಪದಗಳನ್ನೇ ಹಾಡುತ್ತಾರೆ. ಮೈದುನನ ಮುಂದೆ ಹಾಡಿದ್ದೂ ಇದನ್ನೇ. ನೆಗೆಣ್ಣಿ ಆಗ ಅವನ ಕಾಲ ಹತ್ತಿರ ಕೂತಿದ್ದಳು. ಒಂದು ಪದವೂ ಅವಳ ಕಿವಿ ತಪ್ಪಿರಲಿಲ್ಲ.

ಭಕ್ತಿ ಎಂದ ಮಾತ್ರಕ್ಕೆ ಎಲ್ಲ ಪದವೂ ಎಲ್ಲ ಹೊತ್ತಿಗೆ ಸಲ್ಲುತ್ತದೆಯೇ? ತೊಟ್ಟಿಲಿಗೊಂದು ಪದ, ಬೀಸುವ ಕಲ್ಲಿಗೊಂದು ಪದ, ಹೆಣದ ಮನೆಗೊಂದು ಪದ. ಟೂರಿನವನಿಗೆ ಮುದುಕರು ಎಂಬ ಒಂದೇ ಡಬ್ಬಿ. ಅದರೊಳಗೆ ಎಲ್ಲವನ್ನೂ ಸುರಿದುಬಿಟ್ಟಿದ್ದ.

ಅವಳ ಕಡೆ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮುಖ ಮತ್ತೆ ಆ ಮೂಲೆಯ ಮುಖವಾಗಿತ್ತು.

“ಅಕ್ಕಾ, ನನ್ನ ಇಳಿಸು.”

“ಏ ತಮ್ಮಾ, ಬಂದ್ ಮಾಡು ಅದನ್ನ!” ಎಂದು ಕೂಗಿದೆ.

“ದೇವರ ಪದ ಬ್ಯಾಡ ಅಂತೀರಲ್ಲ ಅಜ್ಜಿ? ಈ ವಯಸ್ಸಿಗೆ ಇದೇ ಅಲ್ಲೇನ್ರಿ ಬೇಕಾಗಿರೋದು?”

“ನನಗೆ ಏನು ಬೇಕು ಅಂತ ನೀನೇನು ನನ್ನ ಹೊಟ್ಟೆಯೊಳಗೆ ಕೂತೀಯೇನು? ಬಂದ್ ಮಾಡು.”

“ಬೇರೆ ಹಿರೇರೂ ಅದಾರಲ್ರಿ, ಅವರು ಕೇಳ್ತಾ ಅದಾರೆ,” ಅಂದ.

ಬೇರೆಯವರ ಮೇಲೂ ನನಗೆ ಸಿಟ್ಟಿದೆ. ಮುಂದಿನ ಮೂರು ಸಾಲಿನಲ್ಲಿ ಕೂತಿದ್ದ ಎಲ್ಲರಿಗೂ ಅದು ಎಲ್ಲಿಯ ಪದ ಎಂದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಯಜಮಾನರಂತೂ ಕಣ್ಣು ಮುಚ್ಚಿ ತೊಡೆ ತಟ್ಟುತ್ತಿದ್ದರು. ದೇವರ ಪದಕ್ಕೆ ಬೇಡ ಎಂದರೆ ಕೆಟ್ಟವರಾಗುತ್ತೇವೆ ಎಂಬ ಭಯ. ಆ ಭಯದಲ್ಲಿ ಪಕ್ಕದವಳು ಕುಸಿಯುತ್ತಿದ್ದರೂ ತಾಳ ಹಾಕುತ್ತೇವೆ.

ಹರಿಹರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಅಲ್ಲಿ ಹತ್ತಲು ಭಾನುವಳ್ಳಿಯ ಜನ ಕಾಯುತ್ತಿದ್ದರು. ಬಾಗಿಲು ತೆರೆದಾಗಲೂ ಪದ ನಡೆದೇ ಇತ್ತು. ದಪ್ಪ ಮೈಯ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು.

“ಯಾರು ತೀರ್ಕಂಡ್ರೋ ಯಪ್ಪಾ? ಇದು ಟೂರಿನ ಬಸ್ಸೋ, ಹೆಣದ ಗಾಡಿನೋ?”

ಹಿಂದಿನ ಸೀಟಿನ ಹುಡುಗರು ಹೋ ಎಂದು ನಕ್ಕರು. ಕ್ಯಾಸೆಟ್ಟು ನಿಂತಿತು. ನನ್ನ ಮಾತಿಗೆ ನಿಲ್ಲದ್ದು ನಗೆಪಾಟಲಿಗೆ ನಿಂತಿತು. ಅಷ್ಟರಲ್ಲಿ ನೆಗೆಣ್ಣಿ ಆ ಹೆಂಗಸನ್ನು ಸರಿಸಿಕೊಂಡು ಇಳಿದೇಬಿಟ್ಟಿದ್ದಳು. ನಾನೂ ಇಳಿದೆ. ಅವಳು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, “ನಾನು ಮನೆಗೆ ಹೋಗ್ತೀನಕ್ಕಾ, ಇನ್ನ ಎಲ್ಲಿಗೂ ಕರೀಬ್ಯಾಡ,” ಅಂದಳು.

ಮನೆಗೆ ಹೋದರೆ ಮತ್ತೆ ಹೊರಗೆ ಬರುವವಳಲ್ಲ ಎಂದು ನನಗೆ ತಿಳಿಯಿತು. ಸಮಾಧಾನದ ಮಾತು ನನಗೆ ಬರುವುದಿಲ್ಲ, ಆಡಲೂ ಇಲ್ಲ. “ಅತ್ತು ಮುಗಿಸು, ಆಮೇಲೆ ನೋಡಾನ,” ಅಂದೆ.

ಟೂರಿನವನು ಇಳಿದು ಬಂದ. ಡ್ರೈವರು ಹಾರನ್ನು ಒತ್ತುತ್ತಿದ್ದ.

“ನಿಮ್ಮವ್ವ ಅದಾಳೇನೋ?” ಅಂದೆ.

“ಅದಾಳ್ರಿ.”

“ಆಕಿಗೆ ಯಾವ ಹಾಡು ಸೇರ್ತೈತೆ?”

ಅವನು ತಲೆ ಕೆರೆದುಕೊಂಡ. “ದೇವರದೇ ಇರ್ಬೇಕ್ರಿ.”

“ಇರ್ಬೇಕಾ? ಹೆತ್ತ ತಾಯಿದೇ ಗೊತ್ತಿಲ್ಲ, ಊರ ಮಂದಿದೆಲ್ಲ ಗೊತ್ತೈತೆ ಅಂತೀಯ!”

ನೆಗೆಣ್ಣಿ ಮೂಗು ಒರೆಸಿಕೊಂಡು ಕೇಳಿದಳು: “ಬೋಟಿನಾಗೂ ಇದನ್ನೇ ಹಾಕ್ತಾರೇನು?”

ಅವನಿಗೆ ನಮ್ಮನ್ನು ಸಮಾಧಾನ ಮಾಡಿ ಹತ್ತಿಸುವ ಅವಸರ. “ಛೇ ಛೇ, ಇಲ್ಲ ಯವ್ವಾ. ಅಲ್ಲಿ ಬರೀ ಡ್ಯಾನ್ಸು. ಅದಕ್ಕೇ ಹಿರೇರನ್ನ ಬೋಟಿಗೆ ಹತ್ಸಲ್ಲ. ಆ ಹೊತ್ತಿಗೆ ನಿಮಗೆ ಗುಡಿ ದರ್ಶನ ಇಟ್ಟೀನಿ. ಬೋಟು ಹುಡುಗ್ರಿಗೆ.”

ಬೋಟು ಎಂದು ಹೇಳಿ ಅವಳನ್ನು ಹೊಸಿಲು ದಾಟಿಸಿದ್ದೆ. ಇವನು ವಯಸ್ಸು ನೋಡಿ ಬೋಟನ್ನೇ ತೆಗೆದುಹಾಕಿದ್ದ. ಹೇಳಿಯೂ ಇರಲಿಲ್ಲ.

ನೆಗೆಣ್ಣಿ ಎದ್ದು ನಿಂತಳು.

“ಯಾಕ? ನಾವು ಹತ್ತಿದ್ರೆ ನಿನ್ನ ಬೋಟು ಮುಳುಗ್ತೈತೇನು? ಗುಡಿ ನಮ್ಮೂರಾಗಿಲ್ಲೇನು? ಹರಿಹರದಾಗಿಲ್ಲೇನು? ಗುಡಿ ನೋಡಾಕೆ ನಿನ್ನ ಬಸ್ಸು ಹತ್ತಿದ್ನೇನೋ ನಾನು? ಸತ್ತಿದ್ದು ನನ್ನ ಗಂಡ ಕಣೋ, ನಾನಲ್ಲ! ನನ್ನ ಮುಂದೆ ಭಜನಿ ಹಾಡ್ಸಾಕೆ ನಿನಗೇನು ಅವಸರ? ಬಾಡ್ಕೋ!”

ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿದರು. ಬಳೆ ಮಾರುವವಳು ಬುಟ್ಟಿ ಇಳಿಸಿ ನಿಂತಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಆ ದನಿ ಅದೇ ಎತ್ತರದಲ್ಲಿ ವಾಪಸು ಬಂದಿತ್ತು. ನಾನು ಅಡ್ಡ ಹೋಗಲಿಲ್ಲ. ಬೈಗುಳ ಅವನ ಅಪ್ಪ, ಅಜ್ಜನವರೆಗೂ ಹೋಯಿತು. ಅವನು, “ಬೋಟಿಗೆ ಹತ್ಸ್ತೀನಿ ಯವ್ವಾ, ಕೈ ಮುಗೀತೀನಿ, ಬಸ್ಸು ಹತ್ರಿ,” ಅಂದ ಮೇಲೇ ಅವಳು ಚೀಲ ಎತ್ತಿಕೊಂಡಿದ್ದು. ಹತ್ತಿದವಳು ಮುಂದಿನ ಸೀಟಿಗೆ ಕೂರಲಿಲ್ಲ. ನೆಟ್ಟಗೆ ಹಿಂದಕ್ಕೆ ಹೋಗಿ, “ಸರೀರೋ, ಜಾಗ ಬಿಡ್ರೋ,” ಎಂದು ಹುಡುಗರ ನಡುವೆ ಕೂತಳು. ಬಸ್ಸು ತುಂಗಭದ್ರೆಯ ಸೇತುವೆ ದಾಟುವಾಗ ಹಿಂದಿನಿಂದ ರೊಟ್ಟಿ ಮುರಿಯುವ ಸದ್ದು ಕೇಳಿಸಿತು.

ಬೋಟಿನಲ್ಲೂ ಕತೆ ಬೇರೆಯೇನಲ್ಲ. ಮೈಕು ಹಿಡಿದವನು ಮೊದಲು ಮಕ್ಕಳನ್ನು ಕರೆದ, ಆಮೇಲೆ ಗಂಡ ಹೆಂಡಿರನ್ನು, ಆಮೇಲೆ ಹುಡುಗರನ್ನು. ನಮ್ಮಂಥವರನ್ನು ಯಾರೂ ಕರೆಯಲಿಲ್ಲ. ನೆಗೆಣ್ಣಿ ಕರೆಯಲಿ ಎಂದು ಕಾಯಲೂ ಇಲ್ಲ, ಕುಣಿಯಲೂ ಇಲ್ಲ. ಕಂಬಿ ಹಿಡಿದು ನಿಂತು ಸಮುದ್ರ ನೋಡಿದಳು. ಹಾಡುವವನಿಗೆ ನೆಗಡಿಯಾಗಿದೆ ಅಂದಳು. ಕುಣಿಯುವವಳ ಸೊಂಟ ಕಂಪನಿ ನಾಟಕದವಳ ಸೊಂಟಕ್ಕೆ ಸಮವಲ್ಲ ಅಂದಳು. ಬೋಟು ಅಳ್ಳಾಡಿದಾಗ ನನ್ನ ತೋಳು ಚಿವುಟಿ, “ನಾ ಹೇಳಲಿಲ್ವಾ?” ಅಂದಳು.

ಆ ಟೂರಿನವನು ಏನಾದರೂ ಕಲಿತನೇ? ಕಲಿತ. ಮುಂದಿನ ವರ್ಷ ನಮ್ಮ ಬೀಗರ ಪೈಕಿ ಶಾಮನೂರಿನ ಮುದುಕರೊಬ್ಬರು ಅವನ ಬಸ್ಸಿನಲ್ಲಿ ಹೋಗಿ ಬಂದರು. ನಿತ್ಯ ಪೂಜೆ ತಪ್ಪಿಸದ ಮನುಷ್ಯ. ನಮ್ಮ ಕಟ್ಟೆಗೆ ಬಂದು ಗೊಣಗಿದರು.

“ಒಳ್ಳೇ ಭಜನೆ ಕೇಳ್ತಾ ಹೋಗಾನ ಅಂತ ಕೂತ್ರೆ ಹರಾಮಿ ದಾರಿ ಪೂರ್ತಿ ನಾಟಕದ ಪೋಲಿ ಹಾಡು ಹಾಕ್ದ ಕಣವ್ವಾ. ಬ್ಯಾಡ ಅಂದ್ರೆ, ನಿಮ್ಮ ವಯಸ್ಸಿನೋರಿಗೆ ಇದೇ ಸೇರ್ತೈತೆ, ನಂಗೆ ಗೊತ್ತೈತೆ ಅಂತಾನೆ!”

ಆಗಲೂ ಅವನು ಕೇಳಿರಲಿಲ್ಲ. ಡಬ್ಬಿಯ ಮೇಲಿನ ಚೀಟಿ ಬದಲಾಗಿತ್ತು, ಅಷ್ಟೇ. ನನಗೆ ಮೈ ಉರಿಯಿತು. ಗೋಡೆಯ ಆಚೆ ನೆಗೆಣ್ಣಿಗೂ ಮಾತು ಕೇಳಿಸಿರಬೇಕು. ಜೋರಾಗಿ ನಕ್ಕಳು. ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಸೊಸೆ, “ಹರಿದೇ ಹೋತಲ್ಲ!” ಎಂದು ಬೈದುಕೊಂಡಳು.