ಹಸಿರು ಜಂಪರ್ ಪೀಸು, ಗೋಲ್‌ಕೀಪರಳ ಪ್ಯಾಡು

ಆಗುವ ಮಾತಲ್ಲ ಎಂದವಳು ನಮ್ಮ ಸೋದರತ್ತೆ. ಅಪ್ಪನ ಅಕ್ಕ. ನಮ್ಮ ಮನೆತನದಲ್ಲಿ ಲಂಡನ್ನಿಗೆ ಮೊದಲು ಬಂದವಳು, ಕ್ರೋಯ್ಡನ್ನಿನಲ್ಲಿ ಕೂತುಕೊಂಡೇ ಕ್ವೀನ್ಸ್‌ಬರಿಯ ನಮ್ಮ ಸಂಸಾರ ನಡೆಸುವವಳು. ನಾನು ಯೂನಿವರ್ಸಿಟಿಯ ಹೆಣ್ಣುಮಕ್ಕಳ ಐಸ್ ಹಾಕಿ ತಂಡ ಸೇರಿದ್ದು ಗೊತ್ತಾದ ದಿನವೇ ಅಪ್ಪನಿಗೆ ಫೋನ್ ಹಚ್ಚಿದಳು. ಸ್ಪೀಕರಿಗೆ ಹಾಕು ಎಂದೂ ಹೇಳಿದಳು, ನಾನು ಕೇಳಲಿ ಎಂದು.

"ತಮ್ಮಾ, ನಮ್ಮ ಮನಿತನದಾಗ ಡಿಗ್ರಿ ಮುಗಿಸಿದವರು ಒಬ್ಬರೂ ಇಲ್ಲ. ಈಕಿ ಒಬ್ಬಾಕಿ ಮುಗಿಸ್ಯಾಳು ಅಂತ ಕಾಯಾಕತ್ತೀನಿ. ನಸುಕಿನ್ಯಾಗ ಎದ್ದು ಬರ್ಫದ ಮ್ಯಾಲೆ ಬಿದ್ದು, ಮಧ್ಯಾಹ್ನ ಕ್ಲಾಸಿನ್ಯಾಗ ನಿದ್ದಿ ಹೊಡದು, ಡಿಗ್ರಿ ತರ್ತಾಳ? ಆಗೂ ಮಾತಲ್ಲ."

ಅಪ್ಪ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಿಂದ ಆಗಷ್ಟೇ ಬಂದು ಶೂಸ್ ಬಿಚ್ಚುತ್ತಿದ್ದ. "ಇಲ್ಲಕ್ಕಾ, ಮೊದಲ ಬೀಳೂದು ಕಲಿಸ್ತಾರಂತ. ಆಡೂದು ಆಮ್ಯಾಲಂತ," ಎಂದ. ಅದು ನನ್ನ ಪರವಾಗಿ ಹೇಳಿದ್ದೋ ವಿರುದ್ಧವಾಗಿಯೋ ಇವತ್ತಿಗೂ ನನಗೆ ತಿಳಿದಿಲ್ಲ.

ಹೇಳಿದ್ದು ಮಾತ್ರ ನಿಜ. ನನಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಗೋಲ್‌ಕೀಪರ್ ಇಲ್ಲದೆ ತಂಡವನ್ನು ಲೀಗಿನಿಂದ ಕೈಬಿಡುವ ಹೊತ್ತು ಬಂದಿತ್ತು. ಕ್ಯಾಪ್ಟನ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಎಲ್ಲಿಗೂ ಹೋಗಬೇಕಾಗಿಲ್ಲ, ಗೋಲಿನ ಮುಂದೆ ನಿಂತಿದ್ದರೆ ಸಾಕು," ಎಂದಳು. ಬರ್ಫದ ಮೇಲೆ ನಿಂತಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎನ್ನುವುದನ್ನು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ತಂಡದ ಇತಿಹಾಸವನ್ನು ಯಾರೂ ಬರೆದಿಟ್ಟಿಲ್ಲ. ಹುಡುಗರ ತಂಡಕ್ಕೆ ಗೋಡೆಯ ತುಂಬ ಫೋಟೊಗಳಿದ್ದವು. ನಮ್ಮ ಇತಿಹಾಸ ಒಂದು ದೊಡ್ಡ ಚೀಲದಲ್ಲಿತ್ತು, ಮತ್ತು ನಾರುತ್ತಿತ್ತು. ಹೆಲ್ಮೆಟ್ಟು, ಕೈಗವಸು, ಕಾಲಿಗೆ ಕಟ್ಟುವ ಹಾಸಿಗೆಯಂಥ ಎರಡು ಪ್ಯಾಡು. ಓದು ಮುಗಿಸಿ ಹೋಗುವವಳು ತನ್ನ ಸಾಮಾನನ್ನು ಮುಂದೆ ಬರುವವಳ ಕೈಗೆ ಕೊಟ್ಟು ಹೋಗಬೇಕು, ಅದೇ ತಂಡದ ನಿಯಮ. ನನ್ನ ಪ್ಯಾಡುಗಳ ಮೇಲೆ ಹಿಂದಿನ ಗೋಲ್‌ಕೀಪರುಗಳು ಸುತ್ತಿದ ಟೇಪು ಪದರಪದರವಾಗಿ ಕೂತಿತ್ತು. ಎಲ್ಲಕ್ಕೂ ಕೆಳಗಿನ ಬಿಳಿ ಟೇಪು ತಂಡ ಕಟ್ಟಿದ ಕಾಲದ ಮೊದಲ ಗೋಲ್‌ಕೀಪರಳದು. ಹುಡುಗರು ಬಿಸಾಡಿದ ಪ್ಯಾಡನ್ನು ಎತ್ತಿಕೊಂಡು ಬಂದು ಸುತ್ತಿದ್ದಳಂತೆ. ಅದರ ಮೇಲೆ ನೀಲಿ. ಆ ವರ್ಷ ಆಡಲು ಹುಡುಗಿಯರೇ ಸಾಲದೆ, ಚಹಾ ಕುಡಿಯಲು ಬಂದ ರೂಮ್‌ಮೇಟಿಗೂ ಹೆಲ್ಮೆಟ್ ಹಾಕಿ ಇಳಿಸಿದ್ದರಂತೆ. ಆಮೇಲೆ ಗುಲಾಬಿ. ಅವಳ ಕಾಲದಲ್ಲಿ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಆದರೆ ಅವಳ ಮದುವೆಗೆ ಎದುರಾಳಿ ತಂಡಗಳೆಲ್ಲ ಬಂದಿದ್ದವು. ಅಷ್ಟು ಗೋಲು ಬಿಟ್ಟುಕೊಟ್ಟವಳನ್ನು ಯಾರು ತಾನೇ ಮರೆಯುತ್ತಾರೆ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದೆ.

"ಅಂದ್ರ ಜಂಪರ್ ಪೀಸ್ ಇದ್ದಂಗ," ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇದೆ. ಅದರ ತುಂಬ ಜಂಪರ್ ಪೀಸುಗಳು, ಹೊಲಿಸದ ಕುಪ್ಪಸದ ಬಟ್ಟೆಗಳು. ಅರಿಷಿಣ ಕುಂಕುಮಕ್ಕೆ ಹೋದಲ್ಲೆಲ್ಲ ಉಡಿಯಲ್ಲಿ ಒಂದು ಬೀಳುತ್ತದೆ. ಯಾರೂ ಹೊಲಿಸುವುದಿಲ್ಲ. ಮನೆಗೆ ಬಂದ ಇನ್ನೊಬ್ಬ ಹೆಣ್ಣುಮಗಳಿಗೆ ಕೊಡುತ್ತಾರೆ, ಅವಳು ಮತ್ತೊಬ್ಬಳಿಗೆ. ಹೀಗೆ ಹ್ಯಾರೋದಿಂದ ಹೊರಟದ್ದು ಇಲ್ಫರ್ಡ್ ಸುತ್ತಿ ಬರುತ್ತದೆ. ಒಂದೇ ಎಚ್ಚರ: ಕೊಟ್ಟವಳ ಕೈಗೇ ಅದು ತಿರುಗಿ ಹೋಗಬಾರದು.

ಎರಡನೇ ವರ್ಷದ ಕೊನೆಗೆ ಹಳೆಯ ಆಟಗಾರ್ತಿಯರು ಬಂದು ನಮ್ಮೊಂದಿಗೆ ಆಡುವ ಪಂದ್ಯವಿತ್ತು. ಹಳಬರು ಬರುತ್ತಾರೆ ಎಂದು ಅವ್ವನ ಮುಂದೆ ಬಾಯಿ ಬಿಟ್ಟದ್ದು ನಾನೇ. ಪಂದ್ಯ ಮುಗಿದು ಎಲ್ಲರೂ ಬೆವರೊರೆಸಿಕೊಳ್ಳುತ್ತ ನಿಂತಿದ್ದಾಗ ಅವ್ವ ಕೋಟಿನ ಮೇಲೆ ಶಾಲು ಹೊದ್ದು, ಕುಂಕುಮದ ಭರಣಿ ಮತ್ತು ಒಂದು ದೊಡ್ಡ ಕೈಚೀಲ ಹಿಡಿದು ಬಂದಳು.

"ಮಮ್, ಪ್ಲೀಸ್. ಇಟ್ಸ್ ಜಸ್ಟ್ ಅ ಮ್ಯಾಚ್," ಎಂದೆ.

"ಮ್ಯಾಚ್ ಇರಲಿ. ಇದು ಇವರಿಗೆ ತವರಮನಿ ಹೌದಲ್ಲೋ? ತವರಿಗೆ ಬಂದ ಹೆಣ್ಣಮಕ್ಕಳನ್ನ ಬರಿಗೈಲೆ ಕಳಸ್ತಾರೇನು? ಸರಿ ಅತ್ಲಾಗ."

ಹೆಂಗಸರು ಸಾಲಾಗಿ ನಿಂತರು. ಹೆಲ್ಮೆಟ್ಟು ಕಂಕುಳಲ್ಲಿ, ಹಣೆಯಲ್ಲಿ ಬೆವರು. ಅವ್ವ ಇಟ್ಟ ಕುಂಕುಮ ಮೂಗಿನ ತನಕ ಇಳಿಯಿತು. ಒಬ್ಬೊಬ್ಬರಿಗೂ ಒಂದೊಂದು ಜಂಪರ್ ಪೀಸು. ಸಾಲಿನ ಕೊನೆಗೆ ರೆಫರಿಯೂ ನಿಂತಿದ್ದ. ಗಂಡಸಿಗೆ ಏನು ಕೊಡುವುದು? ಅವ್ವ ಅವನ ಕೈಗೆ ಶೇಂಗಾ ಉಂಡಿ ಇಟ್ಟಳು.

ಆ ಬಿಳಿ ಟೇಪಿನ ಮೊದಲ ಗೋಲ್‌ಕೀಪರ್ ಕೂಡ ಬಂದಿದ್ದಳು. ನರೆತ ಕೂದಲು, ಶಾಲೆಯೊಂದರಲ್ಲಿ ಗಣಿತದ ಟೀಚರು. ಅವಳ ಪಾಲಿಗೆ ಹಸಿರು ಪೀಸು ಬಂತು. ಇದನ್ನು ಏನು ಮಾಡಬೇಕು ಎಂದು ನನ್ನನ್ನು ಕೇಳಿದಳು. ಹೊಲಿಸಬೇಕಾಗಿಲ್ಲ, ಇನ್ನೊಬ್ಬ ಹೆಂಗಸಿಗೆ ಎರಡೂ ಕೈಯಲ್ಲಿ ಕೊಡಬೇಕು, ಆದರೆ ಕೊಟ್ಟವರಿಗೇ ಅಲ್ಲ ಎಂದು ವಿವರಿಸಿದೆ. "ಓಹೋ, ನಮ್ಮ ಪ್ಯಾಡಿನ ಹಾಗೆ," ಎಂದಳು. ಹೊರಡುವಾಗ ಅವ್ವ ಅವಳನ್ನು ಮನೆಗೆ ಚಹಾಕ್ಕೆ ಕರೆದಳು.

ಜೂನಿನಲ್ಲಿ ಫಲಿತಾಂಶ ಬಂತು. ಸ್ಟ್ಯಾಟಿಸ್ಟಿಕ್ಸಿನಲ್ಲಿ ನಾನು ನಪಾಸು. ಆಗಸ್ಟಿನ ಮರುಪರೀಕ್ಷೆಯಲ್ಲೂ ಬಿದ್ದರೆ ಮೂರನೇ ವರ್ಷವಿಲ್ಲ, ಡಿಗ್ರಿಯೂ ಇಲ್ಲ. ಮುಂದಿನ ಶನಿವಾರ ಅತ್ತೆ ಕ್ರೋಯ್ಡನ್ನಿನಿಂದ ಟ್ರೇನು, ಟ್ಯೂಬು ಬದಲಿಸಿ ಬಂದು ನಮ್ಮ ಅಡಿಗೆಮನೆಯಲ್ಲಿ ಕೂತಳು.

"ಆಗೂ ಮಾತಲ್ಲ ಅಂದಿದ್ನೋ ಇಲ್ಲೋ?"

ಅವ್ವ ಚಹಾಕ್ಕೆ ನೀರಿಟ್ಟಳು.

"ನಾ ಪಿಯುಸಿಗೆ ಬಿಟ್ಟೆ. ನಿಮ್ಮಪ್ಪ ಅದರ ಕಟ್ಟಿನೂ ಹತ್ತಲಿಲ್ಲ. ನೀ ಬರ್ಫದಾಗ ಮುಳುಗಿದಿ. ಆ ಚೀಲ ಈ ಮನ್ಯಾಗ ಇರೂ ತನಕ—"

ಬೆಲ್ ಆಯಿತು. ಬಾಗಿಲಲ್ಲಿ ಮೊದಲ ಗೋಲ್‌ಕೀಪರ್, ಕೈಯಲ್ಲಿ ಒಂದು ಕೇಕು ಮತ್ತು ಇಸ್ತ್ರಿ ಮಾಡಿದ ಹಸಿರು ಜಂಪರ್ ಪೀಸು. ತನ್ನ ಮನೆಗೆ ಬೆಕ್ಕನ್ನು ಬಿಟ್ಟು ಬೇರೆ ಯಾವ ಹೆಣ್ಣೂ ಬರುವುದಿಲ್ಲ, ಅದಕ್ಕೇ ಹೆಣ್ಣುಮಕ್ಕಳಿರುವ ಕಡೆಗೆ ತಾನೇ ತಂದಿದ್ದಾಗಿ ಹೇಳಿದಳು. ಅವ್ವನಿಗೆ ಕೊಡುವಂತಿಲ್ಲ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಸುತ್ತಲೂ ನೋಡಿದಳು. ಅತ್ತೆಯನ್ನು ಕಂಡು ಮುಖ ಅರಳಿತು. ಬಗ್ಗಿ, ಎರಡೂ ಕೈಯಿಂದ ಕೊಟ್ಟಳು.

ಅತ್ತೆ ಅದನ್ನು ಬಿಡಿಸಿ ಮೂಲೆ ನೋಡಿದಳು. ಅಲ್ಲಿ ಅರಿಷಿಣದ ಒಂದು ಕಲೆ. ದೀಪಾವಳಿಗೆ ಅವ್ವನ ಉಡಿಯಲ್ಲಿ ಅದನ್ನು ಹಾಕಿದ್ದವಳು ಅತ್ತೆಯೇ.

"ಈ ಕಲೀ ನಾ ಎಲ್ಲೋ ನೋಡೀನಲ್ಲ?"

"ಅರಿಷಿಣದ ಕಲೀ ಎಲ್ಲಾ ಒಂದ ಥರಾ ಇರ್ತಾವಕ್ಕಾ," ಎಂದಳು ಅವ್ವ, ಕುದಿದು ಮುಗಿದ ಚಹಾವನ್ನು ಮತ್ತೆ ಕುದಿಸುತ್ತ.

ಉಡಿಗೆ ಬಂದದ್ದನ್ನು ಬೇಡ ಎನ್ನುವಂತಿಲ್ಲ. ಎದುರಿಗೆ ಅತಿಥಿ ಬೇರೆ, ಬೈಯುವಂತೆಯೂ ಇಲ್ಲ. ಅತ್ತೆಗೆ ಮಾತು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಮರೆತುಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ ಆಕೆಗೇ ದೂರು ಕೊಟ್ಟಳು: ನಿಮ್ಮ ಹಾಕಿಯಿಂದ ನಮ್ಮ ಹುಡುಗಿ ಸ್ಟ್ಯಾಟಿಸ್ಟಿಕ್ಸಿನಲ್ಲಿ ಫೇಲಾದಳು.

"ಸ್ಟ್ಯಾಟಿಸ್ಟಿಕ್ಸೇ? ನಾನು ಕಲಿಸುವುದೇ ಅದನ್ನ," ಎಂದಳು ಗೋಲ್‌ಕೀಪರ್. "ಭಾನುವಾರ ಬರಲೇ?"

ಅತ್ತೆ ಒಪ್ಪಿದಳು, ಒಂದು ಷರತ್ತಿನ ಮೇಲೆ. ಪಾಸಾಗುವ ತನಕ ಪ್ಯಾಡಿನ ಚೀಲ ಕ್ರೋಯ್ಡನ್ನಿನಲ್ಲಿ ಅವಳ ಬಳಿ ಒತ್ತೆ ಇರಬೇಕು. ಅವತ್ತೇ ಎಳೆದುಕೊಂಡು ಹೋದಳು. ಟ್ಯೂಬಿನಲ್ಲಿ ಚೀಲದ ನಾತಕ್ಕೆ ಅಕ್ಕಪಕ್ಕದವರು ಎದ್ದು ಹೋಗಿ ಇಡೀ ಸೀಟು ಅವಳಿಗೇ ಸಿಕ್ಕಿತಂತೆ. ಅದೊಂದು ಉಪಯೋಗವಾಯಿತು ಎಂದು ಆಮೇಲೆ ಅವಳೇ ಹೇಳಿದಳು.

ಆ ಬೇಸಿಗೆಯಲ್ಲಿ ನಾನು ಓದಿದಷ್ಟು ಜನ್ಮದಲ್ಲಿ ಓದಿರಲಿಲ್ಲ. ವಾರವಿಡೀ ಹಗಲು ಅಂಗಡಿಯಲ್ಲಿ ಕೆಲಸ, ಭಾನುವಾರ ಅಡಿಗೆಮನೆಯ ಮೇಜಿನಲ್ಲಿ ಪಾಠ. ಗೋಲ್‌ಕೀಪರ್ ಪಾಠವನ್ನೆಲ್ಲ ಗೋಲುಗಳಲ್ಲೇ ಹೇಳಿಕೊಡುತ್ತಿದ್ದಳು: ಎಷ್ಟು ಹೊಡೆತ ಬಂದವು, ಎಷ್ಟು ತಡೆದೆ, ಮುಂದಿನದನ್ನು ತಡೆಯುವ ಸಂಭವ ಎಷ್ಟು. ಕಾವಲಿಗೆಂದು ಅತ್ತೆಯೂ ಬಂದು ಕೂಡುತ್ತಿದ್ದಳು. ಮೊದಮೊದಲು ಸೊಪ್ಪು ಸೋಸುತ್ತಿದ್ದಳು. ಆಮೇಲೆ ಸೊಪ್ಪು ಹಾಗೇ ಉಳಿಯತೊಡಗಿತು.

"ಅಲ್ಲಬೇ, ಮೊದಲಿನ ಹೊಡತಕ್ಕೂ ಮುಂದಿನದಕ್ಕೂ ಸಂಬಂಧನ ಇಲ್ಲ ಅಂದ ಮ್ಯಾಲೆ, ಹೋದ್ವರ್ಷ ಬಿಟ್ಟ ಗೋಲಿಗೆ ಈಕಿ ಯಾಕ ಇನ್ನೂ ಮಾರಿ ಸಣ್ಣ ಮಾಡ್ಯಾಳ?" ಎಂದು ಒಂದು ದಿನ ಕೇಳಿದಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅತಿ ಒಳ್ಳೆಯ ಪ್ರಶ್ನೆ ಎಂದಳು ಗೋಲ್‌ಕೀಪರ್. ಅತ್ತೆ ಸೆರಗು ಸರಿಮಾಡಿಕೊಂಡಳು.

ಪಾಸಾದೆ. ಸೆಪ್ಟೆಂಬರಿನಲ್ಲಿ ಚೀಲ ವಾಪಸು ಬಂತು. ತೆರೆದರೆ ಡೆಟ್ಟಾಲಿನ ವಾಸನೆ. ಹರಿದ ಪಟ್ಟಿಗಳಿಗೆಲ್ಲ ದಪ್ಪ ಕೆಂಪು ದಾರದ ಹೊಲಿಗೆ.

"ನಮ್ಮ ಮನಿಯಿಂದ ಹರಕ ಸಾಮಾನು ಹೊರಗ ಹೋದ್ರ ಜನ ಏನಂದಾರು," ಎಂದಳು ಅತ್ತೆ.

ಕೊನೆಯ ವರ್ಷ ಆ ಪ್ಯಾಡು ಕಟ್ಟಿಯೇ ಆಡಿದೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ತಂಡ ಉಳಿಯಿತು, ಸಾಕು. ಓದು ಮುಗಿದಾಗ ಪ್ಯಾಡುಗಳನ್ನು ಹೊಸ ಹುಡುಗಿಗೆ ಕೊಟ್ಟು, ಒಂದೊಂದು ಟೇಪಿನ ಕಥೆಯನ್ನೂ ಹೇಳಿದೆ. ಈ ಕೆಂಪು ದಾರ ಯಾವ ಗೋಲ್‌ಕೀಪರಳದು ಎಂದು ಕೇಳಿದಳು. ಆಕೆ ಆಡಲಿಲ್ಲ, ಆಟ ಬಿಡಿಸಲು ಬಂದವಳು ಎಂದೆ.

ಪದವಿ ಪ್ರದಾನದ ದಿನ ಅಪ್ಪ ಶಿಫ್ಟ್ ಬಿಟ್ಟು ಸೂಟು ಹಾಕಿದ್ದ. ಅತ್ತೆ ಇಳಕಲ್ ಸೀರೆಗೆ ಹಸಿರು ಜಂಪರ್ ತೊಟ್ಟಿದ್ದಳು. ಅವ್ವ ನನ್ನ ಮೊಣಕೈ ತಿವಿದಳು. ಅದೇ ಪೀಸು. ತನ್ನದೇ ಸಾಮಾನು ತನಗೇ ತಿರುಗಿ ಬಂದ ಮೇಲೆ ಇನ್ನಾರಿಗೆ ಕೊಡುವುದು ಎಂದು ಅತ್ತೆ ಹೊಲಿಸಿಬಿಟ್ಟಿದ್ದಳು. ಅರಿಷಿಣದ ಕಲೆ ಕಂಕುಳಲ್ಲಿ ಅಡಗಿತ್ತು.

ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಸಂಕೋಚವಿಲ್ಲದೆ ಹೇಳುತ್ತೇನೆ, ಎಲ್ಲಿ ಬೇಕಾದರೂ ಹೇಳುತ್ತೇನೆ. ವೇದಿಕೆಯಿಂದ ಇಳಿದು ಹೊರಗೆ ಬಂದು ಸರ್ಟಿಫಿಕೇಟನ್ನು ಎರಡೂ ಕೈಯಿಂದ ಅತ್ತೆಗೆ ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಓದಿದಳು. ತಿರುಗಿಸಿ ಹಿಂದುಗಡೆಯನ್ನೂ ನೋಡಿದಳು. ಆಮೇಲೆ ನನ್ನ ಕೈಗೇ ವಾಪಸು ಇಟ್ಟು, ಅದರ ಮೇಲೆ ತನ್ನ ಕೈ ಒತ್ತಿ ಹೇಳಿದಳು:

"ಇದನ್ನ ಮಾತ್ರ ಮುಂದ ಯಾರಿಗೂ ಕೊಡಬ್ಯಾಡ, ನಮ್ಮವ್ವ. ಇದು ಹೊಲಿಸಿದ್ದು ಅಂತ ತಿಳ್ಕೊ."